ಹನ್ನೊಂದನೇ ಮಹಡಿಗೆ ಹೋದ ಡಬ್ಬಿ

ನಚಿಕೇತನನ್ನು ಕೆಡಿಸಿದ್ದು ಒಂದು ಕೊರಿಯನ್ ಸೀರಿಯಲ್ಲು. ಮೈಸೂರಿನ ಹುಡುಗ, ವಯಸ್ಸು ಮೂವತ್ತಮೂರು, ಪರದೇಶದ ಬಡಾವಣೆಯಾದ ಟ್ಯಾಂಪಿನೀಸ್‌ನ ಒಂದು ಬ್ಲಾಕಿನ ಎಂಟನೇ ಮಹಡಿಯಲ್ಲಿ ಒಬ್ಬನೇ ಬಾಡಿಗೆಗಿದ್ದ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುವ ಈ ಮನುಷ್ಯ, ಸೀರಿಯಲ್ಲು ಹೇಳಿದ್ದನ್ನು ಮಾತ್ರ ಒಂದಕ್ಷರ ಬಿಡದೆ ನಂಬಿದ.

ಅದರ ಕತೆ ಇಷ್ಟೇ. ಕೆಳಗಿನ ಮನೆಯಲ್ಲಿ ನೂಡಲ್ಸ್ ಅಂಗಡಿಯ ಯಜಮಾನ, ಮೇಲಿನ ಮನೆಯಲ್ಲಿ ಅಕ್ಕಿಹೆಂಡ ಮಾಡಿ ಮಾರುವವನು. ಇಬ್ಬರೂ ಗಂಡಸರು, ಇಬ್ಬರೂ ಚೆಲುವರು, ಇಬ್ಬರಿಗೂ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಹೀಗಾಗಿ ಕೆಳಗಿನವನು ಒಂದು ಬಟ್ಟಲಲ್ಲಿ ತಿಂಡಿ ಕಳಿಸುತ್ತಾನೆ, ಮೇಲಿನವನು ಅದೇ ಬಟ್ಟಲಲ್ಲಿ ಇನ್ನೇನೋ ತುಂಬಿ ಹಿಂದಕ್ಕೆ ಕಳಿಸುತ್ತಾನೆ. ಹದಿನೈದು ಕಂತು ಬರೀ ಬಟ್ಟಲೇ ಓಡಾಡುತ್ತದೆ. ಹದಿನಾರನೆಯದರಲ್ಲಿ ಇಬ್ಬರೂ ಎದುರುಬದುರು ಕೂತು ಅಕ್ಕಿಹೆಂಡ ಕುಡಿದು, ಅತ್ತು, ಒಪ್ಪಿಕೊಳ್ಳುತ್ತಾರೆ.

ಮೂರು ತಿಂಗಳ ಹಿಂದೆ ಅದೇ ಬ್ಲಾಕಿನ ಹನ್ನೊಂದನೇ ಮಹಡಿಗೆ ಬೆಂಗಳೂರಿನ ಕೌಶಿಕ್ ಬಂದ. ಬ್ಯಾಂಕಿನ ಕೆಲಸ, ಸೈಕಲ್ ತುಳಿದು ಗಟ್ಟಿಯಾದ ಕಾಲು, ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ. ಲಿಫ್ಟಿನಲ್ಲಿ "ನೀವು ಕನ್ನಡದವರಾ?" ಎಂದು ಕೇಳಿದ. ಎಂಟನೇ ಮಹಡಿ ಬಂದರೂ ನಚಿಕೇತ ಇಳಿಯದೆ ಹನ್ನೊಂದರವರೆಗೂ ಹೋಗಿ ವಾಪಸ್ ಬಂದ. ಮರುದಿನವೇ ಒಂದು ಸ್ಟೀಲ್ ಡಬ್ಬಿಗೆ ಪುಳಿಯೋಗರೆ ತುಂಬಿ, ಬಟ್ಟೆ ಚೀಲದಲ್ಲಿಟ್ಟು, ತನ್ನ ಹೆಸರು, ಮನೆ ನಂಬರಿನ ಚೀಟಿ ಸಿಕ್ಕಿಸಿ, ಅವನ ಬಾಗಿಲಿನ ಗ್ರಿಲ್ಲಿಗೆ ನೇತುಹಾಕಿದ. ಎರಡು ದಿನ ಬಿಟ್ಟು ಆ ಚೀಲ ಇವನ ಗ್ರಿಲ್ಲಿನಲ್ಲಿ ತೂಗುತ್ತಿತ್ತು. ಡಬ್ಬಿ ತೆರೆದರೆ ಘಮ್ಮೆನ್ನುವ ಹುಚ್ಚೆಳ್ಳು ಚಟ್ನಿಪುಡಿ.

ನಮ್ಮ ಕಡೆ ಇನ್ನೊಬ್ಬರ ಮನೆಯ ಪಾತ್ರೆಯನ್ನು ಯಾರೂ ಖಾಲಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಅದು ಮರ್ಯಾದೆ, ಪ್ರೇಮವಲ್ಲ ಎಂದು ನಚಿಕೇತನ ತಾಯಿಯನ್ನು ಕೇಳಿದ್ದರೆ ಹೇಳುತ್ತಿದ್ದರು. ಅವನು ತಾಯಿಯನ್ನು ಕೇಳಲಿಲ್ಲ, ಸೀರಿಯಲ್ಲನ್ನು ಕೇಳಿದ. ಬಿಸಿಬೇಳೆಬಾತಿಗೆ ಕೋಡುಬಳೆ ಬಂತು, ಶಾವಿಗೆಗೆ ಹಾಲುಬಾಯಿ ಬಂತು, ವಾಂಗೀಬಾತಿಗೆ ಗೊಜ್ಜವಲಕ್ಕಿ ಬಂತು. ಹನ್ನೊಂದು ವಾರ ಇಬ್ಬರ ನಡುವೆ ಒಂದು ಮಾತಿಲ್ಲ. ಕೊರಿಯಾದವರೂ ಮಾತಾಡಿರಲಿಲ್ಲವಲ್ಲ, ಆದ್ದರಿಂದ ಎಲ್ಲ ಸರಿಯಾಗಿಯೇ ನಡೆದಿದೆ ಎಂದು ಅವನು ಖುಷಿಯಾಗಿದ್ದ.

ಹದಿನಾರನೇ ಕಂತು ಶುಕ್ರವಾರ ಬಂತು. ಶನಿವಾರ ಬೆಳಿಗ್ಗೆ ನಚಿಕೇತ ಎದ್ದವನೇ ನಿರ್ಧರಿಸಿದ: ಈ ದಿನ ಕೌಶಿಕನಿಗೆ ಹೇಳಿಯೇ ಬಿಡುವುದು. ಒಪ್ಪಿದರೆ ಸ್ವರ್ಗ, ಒಪ್ಪದಿದ್ದರೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿಕೊಂಡೇ ಆಯಸ್ಸು ಕಳೆಯುವುದು. ಇಂಥ ದಿನ ಬಂದೇ ಬರುತ್ತದೆಂದು ಒಂಬತ್ತು ದಿನದ ಹಿಂದೆಯೇ ಕೊರಿಯನ್ ಅಂಗಡಿಯಿಂದ ಹುದುಗು ತಂದು, ಅನ್ನಕ್ಕೆ ಬೆರೆಸಿ, ಉಪ್ಪಿನಕಾಯಿ ಭರಣಿಯಲ್ಲಿ ಅಕ್ಕಿಹೆಂಡ ಇಟ್ಟಿದ್ದ. ಅವನ ವಂಶದಲ್ಲೇ ಯಾರೂ ಹೆಂಡ ಮುಟ್ಟಿದವರಲ್ಲ. ಹೀಗಾಗಿ ಅದು ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಹೇಳುವವರೂ ಇರಲಿಲ್ಲ.

ಭರಣಿಯ ಮುಚ್ಚಳ ತೆಗೆದದ್ದೇ ತಡ, ಬುಸ್ಸೆಂದು ಉಕ್ಕಿ ಅರ್ಧ ಅಡುಗೆಮನೆ ಒದ್ದೆಯಾಯಿತು. ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ದೊಡ್ಡ ಪಾತ್ರೆಗೆ ತುಂಬಿದ. ಬೆಳ್ಳಗೆ, ತೆಳ್ಳಗೆ, ಹುಳಿ ವಾಸನೆ. ಆ ವಾಸನೆ ಹೋಗಲೆಂದು ಮನೆಯ ಬಾಗಿಲನ್ನು ಗ್ರಿಲ್ಲಿನ ಸಮೇತ ಹಾರುಹೊಡೆದು ಸ್ನಾನಕ್ಕೆ ಹೋದ. ಆ ದಿನ ಅವನು ಮಾಡಿದ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿದರೆ ಮೊದಲನೆಯದು ಇದೇ.

ಪಕ್ಕದ ಮನೆಯಲ್ಲಿ ಅನಂತರಾಮ್ ಅಂಕಲ್ ಮತ್ತು ಪದ್ಮಜಾ ಆಂಟಿ ಇದ್ದರು. ಅಂಕಲ್ ಮೂವತ್ತೈದು ವರ್ಷ ಇಲ್ಲೇ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಈಗ ಜಾತಕ ಕೂಡಿಸುವುದು ಅವರ ಹವ್ಯಾಸ. ಹನ್ನೊಂದು ಮದುವೆ ಮಾಡಿಸಿದ್ದರು, ಹನ್ನೆರಡನೆಯದು ನಾಲ್ಕು ವರ್ಷದಿಂದ ಕೈಗೂಡಿರಲಿಲ್ಲ. ಅದು ನಚಿಕೇತನದೇ ಆಗಬೇಕೆಂದು ಹಟ ಹಿಡಿದು ಒಂದು ವರ್ಷದಿಂದ ತಿಂಗಳಿಗೊಂದು ಹುಡುಗಿಯ ಫೋಟೋ ತರುತ್ತಿದ್ದರು. ಆಂಟಿಯೋ, ಮನೆಯಿಂದಲೇ ಅಡುಗೆ ಮಾಡಿ ಆರ್ಡರಿನ ಮೇಲೆ ಊರೆಲ್ಲ ಕಳಿಸುವವರು. ಸದಾ ಅವಸರ, ಸದಾ ಕೈಯಲ್ಲೊಂದು ಸೌಟು.

ಆ ಬೆಳಿಗ್ಗೆ ಇಬ್ಬರೂ ವಾಸನೆ ಹಿಡಿದೇ ಒಳಗೆ ಬಂದರು. ಆಂಟಿ ಪಾತ್ರೆಗೆ ಇಣುಕಿದರು.

"ಅಯ್ಯೋ ಪಾಪ, ಹುಡುಗ ಇಷ್ಟೊಂದು ಮಜ್ಜಿಗೆ ಮಾಡ್ಕೊಂಡು ಹುಳಿ ಬರಿಸ್ಕೊಂಡಿದಾನೆ ನೋಡ್ರಿ."

"ಚೆಲ್ಲಿಬಿಡು," ಎಂದರು ಅಂಕಲ್.

"ಚೆಲ್ಲೋದ್ಯಾಕೆ? ಒಂದು ಒಗ್ಗರಣೆ ಬಿದ್ರೆ ಸರಿಹೋಗತ್ತೆ."

ನಚಿಕೇತ ತಲೆಗೆ ಶಾಂಪೂ ಹಾಕಿಕೊಳ್ಳುವಷ್ಟರಲ್ಲಿ ಪದ್ಮಜಾ ಆಂಟಿ ಆ ಹೆಂಡಕ್ಕೆ ಉಪ್ಪು, ಶುಂಠಿ, ಹಸಿಮೆಣಸು ಜಜ್ಜಿ ಹಾಕಿ, ಸಾಸಿವೆ ಇಂಗು ಕರಿಬೇವಿನ ಒಗ್ಗರಣೆ ಚುಂಯ್ ಎನ್ನಿಸಿದರು. ಅಡುಗೆ ಮಾಡುವಾಗ ಬಾಯಿಗಿಟ್ಟು ರುಚಿ ನೋಡುವುದು ಅವರ ಪದ್ಧತಿಯಲ್ಲಿರಲಿಲ್ಲ. ಎಂಜಲಾಗುತ್ತದೆಂದು ಎಲ್ಲವನ್ನೂ ಮೂಗಿನಲ್ಲೇ ಅಳೆಯುತ್ತಿದ್ದರು. ರುಚಿ ನೋಡುವ ಕೆಲಸ ಯಾವಾಗಲೂ ಗಂಡನದು.

ನಚಿಕೇತ ತಲೆ ಒರೆಸಿಕೊಳ್ಳುತ್ತ ಹೊರಬಂದಾಗ ಅಂಕಲ್ ಸೋಫಾದ ಮೇಲೆ ಕಾಲು ಚಾಚಿ ಮೂರನೇ ಲೋಟದಲ್ಲಿದ್ದರು.

"ಮೂವತ್ತೈದು ವರ್ಷದಲ್ಲಿ ಇಂಥ ಮಜ್ಜಿಗೆ ಕುಡಿದಿಲ್ಲ ಕಣೇ ಪದ್ಮಾ. ಹೊಟ್ಟೆ ಬೆಚ್ಚಗಾಯ್ತು. ಮಂಡಿ ನೋವೂ ಹೋಯ್ತು."

ನಚಿಕೇತ ಪಾತ್ರೆ ನೋಡಿದ. ಒಂಬತ್ತು ದಿನದ ತಪಸ್ಸಿನ ಮೇಲೆ ಕರಿಬೇವು ತೇಲುತ್ತಿತ್ತು. ಏಕಾದಶಿಯ ದಿನ ಕಾಫಿಯನ್ನೂ ಮುಟ್ಟದ ಮನುಷ್ಯನಿಗೆ ತಾವು ಕುಡಿದದ್ದು ಏನೆಂದು ಹೇಳುವುದು ಹೇಗೆ? ಹೇಳಬೇಕಿತ್ತು. ಹೇಳಲಿಲ್ಲ. ಹೆದರುಪುಕ್ಕಲ ಎಂದು ನೀವು ಬೈದರೆ ನಾನು ಅಡ್ಡ ಬರುವುದಿಲ್ಲ.

"ಅಂಕಲ್, ಸಾಕು. ಅದು ಸ್ವಲ್ಪ ಸ್ಟ್ರಾಂಗ್ ಇದೆ," ಎಂದಷ್ಟೇ ಅಂದ.

"ಸ್ಟ್ರಾಂಗೇ ಇರ್ಬೇಕು ಕಣೋ. ಬಾ, ಕೂತ್ಕೋ. ಈ ಸಲ ನೋ ಅನ್ನೋ ಹಾಗಿಲ್ಲ. ಆಶ್ರಿತಾ ಅಂತ. ಇಲ್ಲೇ ಬಿಶಾನಲ್ಲಿ ಇರೋದು. ಎಂಥಾ ಜಾತಕ ಗೊತ್ತಾ? ಮೂವತ್ತಾರಕ್ಕೆ ಮೂವತ್ತೊಂದು ಗುಣ." ಅಂಕಲ್ ಫೋನು ತೆಗೆದು ಮುಂದೆ ಹಿಡಿದರು. ಅದು ತಲೆಕೆಳಗಾಗಿತ್ತು.

ಈಗಲೇ ಮದುವೆ ಬೇಡ ಎಂದು ಹನ್ನೆರಡು ಬಾರಿ ಹೇಳಿದ್ದ ಸುಳ್ಳನ್ನೇ ನಚಿಕೇತ ಹದಿಮೂರನೇ ಬಾರಿಯೂ ಹೇಳಬಹುದಿತ್ತು. ಆದರೆ ಆ ದಿನ ಅವನು ಸತ್ಯ ಹೇಳಲೆಂದೇ ಎದ್ದವನು. ಆ ಸತ್ಯ ಹನ್ನೊಂದನೇ ಮಹಡಿಗೆ ಹೋಗುವ ಬದಲು ಎಂಟರಲ್ಲೇ ಬಾಯಿಂದ ಜಾರಿತು.

"ಅಂಕಲ್, ನನಗೆ ಹುಡುಗೀರು ಬೇಡ. ನನಗೆ ಹನ್ನೊಂದನೇ ಫ್ಲೋರ್ ಕೌಶಿಕ್ ಅಂದ್ರೆ ಇಷ್ಟ."

ಆಂಟಿಯ ಸೌಟು ಗಾಳಿಯಲ್ಲೇ ನಿಂತಿತು. ಅಂಕಲ್ ಲೋಟ ಕೆಳಗಿಟ್ಟು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಆ ಹುಡುಗನ ನಕ್ಷತ್ರ ಯಾವುದು?" ಎಂದು ಕೇಳಿದರು.

"ಅಂಕಲ್?"

"ನಕ್ಷತ್ರ ಕಣೋ. ಹನ್ನೊಂದು ಮಾಡ್ಸಿದೀನಿ, ಒಂದೂ ನಕ್ಷತ್ರ ನೋಡದೆ ಮಾಡ್ಸಿಲ್ಲ. ಅದಕ್ಕೇ ಎಲ್ಲಾರೂ ಇನ್ನೂ ಜೊತೇಲಿದಾರೆ. ಒಂದು ಜೋಡಿ ಬಿಟ್ಟು. ಅವರು ತಪ್ಪು ಟೈಮ್ ಕೊಟ್ಟಿದ್ರು."

"ಸುಮ್ನಿರಿ," ಎಂದು ಆಂಟಿ ಗಂಡನನ್ನು ಗದರಿ, ನಚಿಕೇತನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ವೆಜಿಟೇರಿಯನ್ ತಾನೆ?"

ನಚಿಕೇತನ ಕಣ್ಣು ತುಂಬಿತು. ಇಷ್ಟು ವರ್ಷ ಇವರಿಗೇ ಹೆದರಿ ಬಾಗಿಲು ಹಾಕಿಕೊಂಡು ಸೀರಿಯಲ್ ನೋಡಿದ್ದನಲ್ಲ ಎನ್ನಿಸಿ ನಾಚಿಕೆಯಾಯಿತು. "ಅಡುಗೆ ತುಂಬಾ ಚೆನ್ನಾಗಿ ಮಾಡ್ತಾನೆ ಆಂಟಿ," ಎಂದ. "ಅವನ ಕೈರುಚಿಗೇ ನಾನು ಬಿದ್ದಿದ್ದು."

"ಮತ್ತೆ ಇನ್ನೇನು. ಅಡುಗೆ ಬರೋ ಹುಡುಗ ಸಿಗೋದೇ ಕಷ್ಟ. ಈ ಮೂವತ್ತೈದು ವರ್ಷದಲ್ಲಿ ಇವರಿಗೆ ಹಾಲು ಕಾಯ್ಸೋಕೂ ಬಂದಿಲ್ಲ. ತಡಿ, ಈಗಲೇ ಹೋಗಿ ಕೇಳ್ಬಿಡಿ, ಆದ್ರೆ ಬರಿಗೈಲಿ ಹೋಗಬೇಡಿ." ಆಂಟಿ ತಮ್ಮ ಮನೆಗೆ ಓಡಿ ಬೆಳ್ಳಿ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ, ಒಂದು ಮೊಳ ಮಲ್ಲಿಗೆ ಜೋಡಿಸಿ ತಂದರು. "ನಾನು ಬರಕ್ಕಾಗಲ್ಲ, ಒಲೆ ಮೇಲೆ ಆರ್ಡರ್ ಇದೆ. ಇವರು ಬರ್ತಾರೆ."

ಅಂಕಲ್ ಬರುವುದು ಬೇಡವೆಂದು ನಚಿಕೇತ ನಾಲ್ಕು ರೀತಿಯಲ್ಲಿ ಹೇಳಿ ನೋಡಿದ. ಅಂಕಲ್ ಆಗಲೇ ಶಲ್ಯ ಹೊದ್ದು ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡಿದ್ದರು. ಕೊನೆಗೆ ನಚಿಕೇತ ಒಂದು ಕೈಯಲ್ಲಿ ಕರಿಬೇವು ಸೋಸಿದ ಹೆಂಡದ ಬಾಟಲಿ, ಇನ್ನೊಂದರಲ್ಲಿ ಅಂಕಲ್ಲರ ರಟ್ಟೆ ಹಿಡಿದು ಹೊರಟ. ತಟ್ಟೆ ಅಂಕಲ್ ಕೈಯಲ್ಲಿ ಓಲಾಡುತ್ತಿತ್ತು.

ಲಿಫ್ಟಿನಲ್ಲಿ ತರಕಾರಿ ಟ್ರಾಲಿ ಹಿಡಿದ ಒಬ್ಬ ಚೀನೀ ಅಜ್ಜಿ ಇದ್ದರು. ತಟ್ಟೆ ನೋಡಿ ಮುಖ ಅರಳಿಸಿ, "ವಾ, ವೆಡ್ಡಿಂಗ್ ಆ?" ಎಂದರು.

"ಯೆಸ್, ಯೆಸ್," ಎಂದು ಅಂಕಲ್ ನಚಿಕೇತನ ಬೆನ್ನು ತಟ್ಟಿದರು. "ಟ್ವೆಲ್ಫ್ತ್ ಒನ್."

ಅಜ್ಜಿ ನಚಿಕೇತನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಟ್ರಾಲಿಯನ್ನು ತಮ್ಮತ್ತ ಎಳೆದುಕೊಂಡರು.

ಹನ್ನೊಂದನೇ ಮಹಡಿಯಲ್ಲಿ ನಚಿಕೇತ ಬೆಲ್ ಒತ್ತಿದ. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದ. 'ಇಷ್ಟು ದಿನ ಡಬ್ಬಿ ಮಾತಾಡಿತು, ಈಗ ನಾನು ಮಾತಾಡ್ತೀನಿ' ಎಂಬುದು ಅದರ ಮೊದಲ ಸಾಲು. ಬಾಗಿಲು ತೆರೆಯಿತು. ಕೌಶಿಕ್ ನಿಂತಿದ್ದ, ಕೆನ್ನೆಯ ಗುಳಿಯ ಸಮೇತ.

"ಇಷ್ಟು ದಿನ ಡಬ್ಬಿ..." ಎಂದು ನಚಿಕೇತ ಶುರುಮಾಡಿದ.

ಕೌಶಿಕ್ ಗಾಬರಿಯಿಂದ ಅವನ ಬಾಯಿ ಮುಚ್ಚಿದ. "ಬ್ರೋ, ಡಬ್ಬಿ ವಿಷ್ಯ ಜೋರಾಗಿ ಮಾತಾಡ್ಬೇಡ," ಎಂದು ಪಿಸುಗುಟ್ಟಿ, ಅವನನ್ನು ಕಾರಿಡಾರಿನ ಕೊನೆಗೆ ಎಳೆದುಕೊಂಡು ಹೋದ. ತೆರೆದ ಬಾಗಿಲಿನಿಂದ ಅಂಕಲ್ ತಟ್ಟೆಯೊಂದಿಗೆ ನೇರ ಒಳಗೆ ನಡೆದದ್ದನ್ನು ಇಬ್ಬರೂ ಗಮನಿಸಲಿಲ್ಲ.

"ನಿನಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಿಲ್ಲ ಬ್ರೋ," ಎಂದ ಕೌಶಿಕ್. "ನನ್ನ ಲೈಫೇ ಸೆಟ್ ಮಾಡ್ಬಿಟ್ಟೆ ನೀನು."

ನಚಿಕೇತನಿಗೆ ಆ ಮಾತು ಅಮೃತದಂತಿತ್ತು. ಮುಂದಿನದು ಅಷ್ಟು ರುಚಿಸಲಿಲ್ಲ.

"ಒಳಗೆ ಪ್ರತಾಪ್ ಇದಾನೆ. ಸೈಕ್ಲಿಂಗಲ್ಲಿ ಪರಿಚಯ. ಬಿಶಾನಲ್ಲಿ ಇರೋದು. ನಿನ್ನ ಪುಳಿಯೋಗರೆ ಬಂದ ದಿನ ಅವನೂ ಮನೇಲಿದ್ದ. ತಿಂದು, 'ನೀನೇ ಮಾಡಿದ್ದಾ?' ಅಂದ. ಅವನ ಮುಖ ನೋಡಿ ನನ್ನ ಬಾಯಿ ತಾನಾಗೇ ಹೂಂ ಅಂದ್ಬಿಡ್ತು ಬ್ರೋ. ಆಮೇಲೆ ಪ್ರತಿ ವಾರ ನಿನ್ನ ಡಬ್ಬಿ ಸೀದಾ ಅವನಿಗೇ ಕೊಡ್ತಿದ್ದೆ. ನಿನ್ನೆ ಪ್ರಪೋಸ್ ಮಾಡ್ದೆ. ಒಪ್ಕೊಂಡ."

"ಮತ್ತೆ," ಎಂದ ನಚಿಕೇತ, "ವಾಪಸ್ ಬರ್ತಿದ್ದ ಚಟ್ನಿಪುಡಿ? ಹಾಲುಬಾಯಿ?"

"ಅದು ಪ್ರತಾಪ್ ಮಾಡ್ತಿದ್ದಿದ್ದು. ಡಬ್ಬಿ ಖಾಲಿ ಕೊಡಬಾರದಂತಲ್ಲ, ಅವನೂ ಮೈಸೂರವನು. ನಾನು ಕೀಟೋ ಬ್ರೋ, ಅಕ್ಕಿ ಸಕ್ಕರೆ ಏನೂ ಮುಟ್ಟಲ್ಲ. ಬಿಸಾಕಕ್ಕೆ ಮನಸ್ಸು ಬರಲ್ಲ, ಅದಕ್ಕೆ ಮುಚ್ಚಳ ತೆಗೀದೇ ಹಾಗೇ ನಿನ್ನ ಗ್ರಿಲ್ಲಿಗೆ ಹಾಕ್ತಿದ್ದೆ. ನಮ್ಮನೆ ಸ್ಟವ್ ಮೇಲಿನ ಪ್ಲಾಸ್ಟಿಕ್ ಇನ್ನೂ ಕಿತ್ತಿಲ್ಲ ನೋಡು."

ಹನ್ನೊಂದು ವಾರ ತಾನು ಬೆವರು ಸುರಿಸಿ ಕಲಸಿದ ಬಾತುಗಳಲ್ಲಿ ಒಂದು ಅಗುಳೂ ಕೌಶಿಕನ ಬಾಯಿಗೆ ಹೋಗಿಲ್ಲ ಎಂಬುದು ನಚಿಕೇತನಿಗೆ ಆಗ ಅರ್ಥವಾಯಿತು. ಅಳು ಬರುವ ಹೊತ್ತು ಅದು. ಆದರೆ ಅಳುವುದಕ್ಕೆ ಬಿಡುವಿರಲಿಲ್ಲ, ಏಕೆಂದರೆ ಒಳಗಿನಿಂದ ಅಂಕಲ್ಲರ ಗಂಟಲು ಕೇಳಿಸಿತು.

"ಮಾಂಗಲ್ಯಂ ತಂತುನಾನೇನ..."

ಇಬ್ಬರೂ ಓಡಿದರು. ಸೋಫಾದ ಮೇಲೆ ಪ್ರತಾಪ್ ಎಂಬ ಎತ್ತರದ, ಗುಂಗುರು ಕೂದಲಿನ ಹುಡುಗ ತೊಡೆಯ ಮೇಲೆ ಬೆಳ್ಳಿ ತಟ್ಟೆ, ಕುತ್ತಿಗೆಯಲ್ಲಿ ಮಲ್ಲಿಗೆ ಇಟ್ಟುಕೊಂಡು ಬೆಪ್ಪಾಗಿ ಕೂತಿದ್ದ. ಅಂಕಲ್ ಅವನ ತಲೆಯ ಮೇಲೆ ಕೈಯಿಟ್ಟಿದ್ದರು.

"ಅಂಕಲ್, ಇವನಲ್ಲ," ಎಂದು ನಚಿಕೇತ ಅವರ ಕಿವಿಯಲ್ಲಿ ಹೇಳಿದ.

"ಗೊತ್ತು ಕಣೋ. ಎಲ್ಲಾ ವಿಚಾರಿಸಿದೆ. ಇವನದು ರೋಹಿಣಿ, ಅವನದು ಹಸ್ತ. ಇಲ್ಲಿ ಆಗಲೇ ಜೋಡಿ ಆಗಿದೆ. ನಿನಗೆ ಲೇಟಾಯ್ತು." ಅಂಕಲ್ಲರ ಕಣ್ಣಲ್ಲಿ ನಿಜವಾಗಿಯೂ ಮರುಕವಿತ್ತು. "ಹಾಗಂತ ತಾಂಬೂಲದ ತಟ್ಟೆ ವಾಪಸ್ ತಗೊಂಡ್ ಹೋಗೋಕಾಗತ್ತಾ? ಶುಭ ಅಲ್ಲ." ಅವರು ಕೌಶಿಕನನ್ನೂ ಎಳೆದು ಪ್ರತಾಪನ ಪಕ್ಕ ಕೂರಿಸಿ, ಇಬ್ಬರ ಮೇಲೂ ಅಕ್ಷತೆಯ ಬದಲು ಅಡಿಕೆ ಎರಚಿದರು. "ಹನ್ನೆರಡನೇದು," ಎಂದು ತಮಗೆ ತಾವೇ ಹೇಳಿಕೊಂಡು ತೃಪ್ತಿಯಿಂದ ನೆಲದ ಮೇಲೆ ಕೂತರು.

ಪ್ರತಾಪ್ ನಚಿಕೇತನ ಕೈಯಲ್ಲಿದ್ದ ಬಾಟಲಿ ನೋಡಿದ. "ಇದೇನು, ಮಜ್ಜಿಗೇನಾ?" ಎಂದು ಒಂದು ಲೋಟ ಬಗ್ಗಿಸಿಕೊಂಡು ಕುಡಿದು, ಕಣ್ಣು ಮುಚ್ಚಿದ. "ಸಕತ್ತಾಗಿದೆ. ಕೌಶಿಕ್, ಇದೂ ನೀನೇ ಮಾಡಿದ್ದಾ?"

ಕೌಶಿಕ್ ನಚಿಕೇತನತ್ತ ಕಳ್ಳ ನೋಟ ಬೀರಿ, "ಹೂಂ," ಎಂದ. ಆಮೇಲೆ ಬಾಗಿಲ ಬಳಿ ಬಂದು ಅವನ ಎರಡೂ ಕೈ ಹಿಡಿದುಕೊಂಡ. "ಬ್ರೋ, ಮುಂದಿನ ಶನಿವಾರ ಇಲ್ಲೇ ಎಂಗೇಜ್‌ಮೆಂಟ್ ಪಾರ್ಟಿ. ಮೂವತ್ತು ಜನ. ಪುಳಿಯೋಗರೆ, ಬಿಸಿಬೇಳೆಬಾತ್ ಮಾಡ್ಕೊಡ್ತೀಯಾ? ನಾನೇ ಮಾಡಿದ್ದು ಅಂತ ಹೇಳಿದೀನಿ. ನಿಲ್ಲಿಸ್ಬೇಡ ಬ್ರೋ, ನಿಲ್ಲಿಸಿದ್ರೆ ನಾನು ಸತ್ತೆ."

ಆ ಕೆನ್ನೆಯ ಗುಳಿಯನ್ನು ಅಷ್ಟು ಹತ್ತಿರದಿಂದ ನೋಡುತ್ತ ಇಲ್ಲ ಎನ್ನುವುದು ನಚಿಕೇತನ ಕೈಯಲ್ಲಾಗಲಿಲ್ಲ. ತಲೆಯಾಡಿಸಿದ.

ಅಂಕಲ್ ಒಬ್ಬರೇ ಏಳುವ ಸ್ಥಿತಿಯಲ್ಲಿರಲಿಲ್ಲ. ಒಂದು ತೋಳು ನಚಿಕೇತ, ಇನ್ನೊಂದು ತೋಳು ಪ್ರತಾಪ್ ಹಿಡಿದು ಲಿಫ್ಟಿಗೆ ತಂದರು. ಬಾಗಿಲು ಮುಚ್ಚಿ ಲಿಫ್ಟು ಇಳಿಯತೊಡಗಿದಾಗ ನಚಿಕೇತನ ತಲೆಯಲ್ಲಿ ಮಿಂಚು ಹೊಡೆದಂತಾಯಿತು. ತಾನು ಮೋಹಗೊಂಡದ್ದು ಆ ಕೈರುಚಿಗೆ. ಆ ಕೈ ಕೌಶಿಕನದಲ್ಲ. ಅಂದರೆ ಹನ್ನೊಂದು ವಾರ ತನ್ನ ಬಾತಿಗೆ ಗೊಜ್ಜವಲಕ್ಕಿಯಲ್ಲಿ ಉತ್ತರ ಬರೆದವನು, ಅಂಕಲ್ಲರ ಆ ಕಡೆ ನಿಂತಿರುವ ಈ ಗುಂಗುರು ಕೂದಲಿನವನು. ಹತ್ತನೇ ಮಹಡಿ ದಾಟುವಾಗ ನಚಿಕೇತ ಎರಡನೇ ಸಲ ಪ್ರೀತಿಯಲ್ಲಿ ಬಿದ್ದ.

"ನಿಮ್ಮ ಹುಚ್ಚೆಳ್ಳು ಚಟ್ನಿಪುಡಿ," ಎಂದ, "ಕೌಶಿಕ್ ನನಗೂ ಸ್ವಲ್ಪ ಕೊಟ್ಟಿದ್ದ. ಅಂಥಾದ್ದು ನಾನು ತಿಂದೇ ಇಲ್ಲ."

ಪ್ರತಾಪ್ ಮುಖ ಸಣ್ಣದು ಮಾಡಿದ. "ನಿಮಗೊಬ್ಬರಿಗೇ ಹೇಳ್ತೀನಿ, ಅವನಿಗೆ ಹೇಳ್ಬೇಡಿ. ನನಗೆ ಅಡುಗೆ ಬರಲ್ಲ. ಅವನು ಅಷ್ಟು ಚೆನ್ನಾಗಿ ಮಾಡಿ ಕಳಿಸ್ತಾನೆ, ನಾನು ಬಿಸ್ಕೆಟ್ ಹಾಕಿ ಡಬ್ಬಿ ವಾಪಸ್ ಕೊಡೋಕಾಗತ್ತಾ? ಅದಕ್ಕೆ ಆರ್ಡರ್ ಮಾಡ್ತಿದ್ದೆ. ಇಲ್ಲೇ ಟ್ಯಾಂಪಿನೀಸಲ್ಲಿ ಎಲ್ಲೋ ಇರೋದಂತೆ, ಪದ್ಮಜಾ ಆಂಟಿ ಅಂತ. ನಾನು ಒಂದ್ಸಲಾನೂ ನೋಡಿಲ್ಲ, ಬರೀ ಮೆಸೇಜಲ್ಲೇ."

ಎಂಟನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಎದುರಿಗೆ ಪದ್ಮಜಾ ಆಂಟಿ ಸೌಟು ಹಿಡಿದು ಕಾಯುತ್ತಿದ್ದರು.

"ನಮಸ್ಕಾರ ಆಂಟಿ," ಎಂದು ಪ್ರತಾಪ್ ಯಾರೋ ಏನೋ ಎಂಬಂತೆ ಕೈಮುಗಿದು, ಅಂಕಲ್ಲರನ್ನು ಅವರ ಕೈಗೊಪ್ಪಿಸಿ, ಅದೇ ಲಿಫ್ಟಿನಲ್ಲಿ ಮೇಲಕ್ಕೆ ಹೋದ.

ಆಂಟಿ ಗಂಡನನ್ನು ತಮ್ಮ ಮನೆಯ ಸೋಫಾದ ಮೇಲೆ ಮಲಗಿಸಿದರು. ಮಲಗಿದ ಕೂಡಲೇ ಅವರು ಗೊರಕೆ ಹೊಡೆದರು. ನಚಿಕೇತನ ಮುಖ ನೋಡಿಯೇ ಹೋದ ಕೆಲಸ ಆಗಲಿಲ್ಲವೆಂದು ಆಂಟಿಗೆ ತಿಳಿಯಿತು. ಏನೂ ಕೇಳದೆ ಒಂದು ತಟ್ಟೆಯಲ್ಲಿ ಬಿಸಿ ಅನ್ನ, ತುಪ್ಪ, ಪಕ್ಕಕ್ಕೆ ಒಂದು ಗುಪ್ಪೆ ಹುಚ್ಚೆಳ್ಳು ಚಟ್ನಿಪುಡಿ ಬಡಿಸಿ ಮುಂದಿಟ್ಟರು. ನಚಿಕೇತ ಕಲಸಿ ಒಂದು ತುತ್ತು ಬಾಯಿಗಿಟ್ಟ. ಅದೇ ಕೈ. ಅನುಮಾನವೇ ಇಲ್ಲ. ಆ ಕೈಯ ಒಡತಿಯ ವಯಸ್ಸು ಅರವತ್ತೆರಡು, ಗಂಡ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾನೆ.

"ಬೇಜಾರು ಮಾಡ್ಕೋಬೇಡ ಕಣೋ," ಎಂದು ಆಂಟಿ ಅವನ ತಲೆ ಸವರಿದರು. "ಕೈಗೊಂದು ಕೆಲಸ ಇದ್ರೆ ಮರೆತುಹೋಗತ್ತೆ. ಬಿಶಾನಿನ ಹುಡುಗ ಒಬ್ಬ ಈಗಷ್ಟೇ ಮೆಸೇಜ್ ಮಾಡಿದಾನೆ. ಬರೋ ಶನಿವಾರ ಯಾವುದೋ ಎಂಗೇಜ್‌ಮೆಂಟಂತೆ, ಮೂವತ್ತು ಜನಕ್ಕೆ ಹಾಲುಬಾಯಿ, ಕೋಡುಬಳೆ ಬೇಕಂತೆ. ನನ್ನದೊಂದೇ ಒಲೆ ಸಾಲಲ್ಲ. ನಿನ್ನ ಅಡುಗೆಮನೆ ಕೊಡು, ನೀನೂ ಕೈ ಜೋಡಿಸು."

"ಶನಿವಾರ ನನ್ನ ಒಲೆ ಖಾಲಿ ಇಲ್ಲ ಆಂಟಿ."

"ಯಾಕೋ?"

"ನನಗೂ ಒಂದು ಅಡುಗೆ ಇದೆ."

"ನಿನಗಾ? ಎಷ್ಟು ಜನಕ್ಕೆ?"

ನಚಿಕೇತ ಇನ್ನೊಂದು ತುತ್ತು ಕಲಸಿದ.

"ಅದೇ ಮೂವತ್ತು ಜನಕ್ಕೆ," ಎಂದ.